ಬಿಟ್ಟಿ ಸಾಫ್ಟ್‌ವೇರ್ ಬರೆದವರನ್ನು ನಾವು ಎಷ್ಟು ಕೇಳಬಹುದು?

ಡಿಟಿಪಿ_ದಾವಣಗೆರೆ

ಕೋಪ ಇಳಿದ ಮೇಲೆ ಬರೆಯುತ್ತಿದ್ದೇನೆ. ಯಾರ ಹೆಸರೂ ಹೇಳುವುದಿಲ್ಲ, ಕೇಳಬೇಡಿ.

ನಮ್ಮದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ, ಆಗಾಗ ಪುಸ್ತಕ. ಹಳೇ ಫೈಲುಗಳೆಲ್ಲ ನುಡಿ ಆಸ್ಕಿ ಅನ್ನುವ ಹಳೇ ಫಾಂಟ್ ಪದ್ಧತಿಯಲ್ಲಿ, ಪುಟ ಜೋಡಿಸುವ ಪೇಜ್‌ಮೇಕರ್‌ನಲ್ಲಿ ಇವೆ. ಈಗ ಲೇಖಕರು ಅದೇ ಪುಸ್ತಕವನ್ನು ಇ-ಬುಕ್ ಮಾಡಿಕೊಡಿ ಅನ್ನುತ್ತಾರೆ. ಅದಕ್ಕೆ ಈಗಿನ ಕಂಪ್ಯೂಟರ್, ಫೋನ್‌ಗಳಿಗೆಲ್ಲ ಅರ್ಥವಾಗುವ ಯೂನಿಕೋಡ್ ಬೇಕು. ಮತ್ತೆ ಟೈಪ್ ಮಾಡಿಸುವಷ್ಟು ದುಡ್ಡು ಯಾರೂ ಕೊಡುವುದಿಲ್ಲ. ಹಾಗಾಗಿ ಪ್ರೋಗ್ರಾಮರ್‌ಗಳು ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ತಾಣದಲ್ಲಿ ಸಿಗುವ ಒಂದು ಬಿಟ್ಟಿ ಕನ್ವರ್ಟರ್ ಹಿಡಿದುಕೊಂಡು ಇಷ್ಟು ದಿನ ಕೆಲಸ ಸಾಗಿಸಿದ್ದೇನೆ. ಚೆನ್ನಾಗಿಯೇ ಇತ್ತು. ಹೊಸ ವರ್ಷನ್ ಬಂತು, ಹಾಕಿಕೊಂಡೆ, ಅರ್ಕಾವತ್ತು ಕೆಟ್ಟಿತು. ಸೂರ್ಯ, ಕಾರ್ಯ ಎಲ್ಲ ಸರಿಯಾಗಿಯೇ ಬರುತ್ತವೆ. ಅರ್ಕಾವತ್ತಿನ ಜೊತೆ ಇನ್ನೊಂದು ಒತ್ತು ಇದ್ದರೆ ಮಾತ್ರ ಕಥೆ ಮುಗಿಯಿತು. ಮರ್ತ್ಯ ಹೋಗಿ ಮತ್ರ್ಯ. ಅರ್ಘ್ಯ ಹೋಗಿ ಅಘ್ರ್ಯ. ಪುಸ್ತಕ ಬೇರೆ ಪೂಜಾವಿಧಿಯದು, ಪುಟ ತಿರುಗಿಸಿದರೆ ಅರ್ಘ್ಯ.

ಗಿಟ್‌ಹಬ್‌ನಲ್ಲಿ ಇಶ್ಯೂ, ಅಂದರೆ ದೂರು, ಹಾಕಿದೆ. ಎರಡನೇ ಸಲ ನೆನಪಿಸಿದ ಮೇಲೆ ಒಂದು ಸಾಲು ಬಂತು. "ಈಗ ಟೈಮ್ ಇಲ್ಲ, ಕೋಡ್ ಓಪನ್ ಇದೆ, ಸರಿಮಾಡಿ ಪಿಆರ್ ಕಳಿಸಿ." ಇಶ್ಯೂ ಕ್ಲೋಸ್. ಪಿಆರ್ ಅಂದರೆ ಏನು ಅಂತಲೇ ನಾನು ಹುಡುಕಬೇಕಾಯಿತು. ಪುಲ್ ರಿಕ್ವೆಸ್ಟ್ ಅಂತೆ, ನಾವೇ ತಿದ್ದಿ ಸೇರಿಸಿಕೊಳ್ಳಿ ಅಂತ ಕಳಿಸುವುದು.

ದುಡ್ಡು ಕೊಟ್ಟಿಲ್ಲ, ಒಪ್ಪುತ್ತೇನೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡು ಇರಬೇಕಾ? ಏನನ್ನು ಕೇಳುವುದು ನ್ಯಾಯ, ಎಲ್ಲಿಂದ ಆಚೆಗೆ ಅನ್ಯಾಯ? ಗೊತ್ತಿರುವವರು ಹೇಳಿ.

ರೀಡ್‌ಮಿ_ಓದುಗ

ಎಷ್ಟು ಬೇಕಾದರೂ ಕೇಳಬಹುದು. ಸಿಗಲೇಬೇಕು ಅನ್ನುವಂತಿಲ್ಲ.

ಇಂಥ ಸಾಫ್ಟ್‌ವೇರ್‌ಗೆ ಹಾಕುವ ಎಂಐಟಿ ಲೈಸೆನ್ಸ್ ತೆಗೆದು ನೋಡಿ, ಅರ್ಧ ಪುಟವೂ ಇಲ್ಲ. ಕೊನೆಯ ಪ್ಯಾರಾ ಪೂರ್ತಿ ದೊಡ್ಡಕ್ಷರದಲ್ಲಿದೆ. ಇದು ಹೇಗಿದೆಯೋ ಹಾಗೇ ಕೊಡುತ್ತಿದ್ದೇವೆ, ಯಾವ ಗ್ಯಾರಂಟಿಯೂ ಇಲ್ಲ, ಏನಾದರೂ ನಷ್ಟವಾದರೆ ನಾವು ಹೊಣೆಯಲ್ಲ ಅಂತ ಅದರ ತಾತ್ಪರ್ಯ. ಇನ್ನೊಂದು ಲೈಸೆನ್ಸ್ ಜಿಪಿಎಲ್, ಅದರ ಮೂರನೇ ಆವೃತ್ತಿಯಲ್ಲೂ 15 ಮತ್ತು 16ನೇ ಕಲಮುಗಳು ಇದನ್ನೇ ಹೇಳುತ್ತವೆ. ಡೌನ್‌ಲೋಡ್ ಮಾಡುವ ಮೊದಲೇ ಈ ಷರತ್ತನ್ನು ಮುಂದಿಟ್ಟಿರುತ್ತಾರೆ. ಅಲ್ಲಿಗೆ ಮಾತು ಮುಗಿಯಿತು ಅಲ್ವಾ?

ಕೋಲಾರದ_ಮೇಷ್ಟ್ರು

ಮುಗಿಯಲಿಲ್ಲ. ನೀವು ಹೇಳಿದ್ದು ಕೋರ್ಟಿನ ಮಾತು. ದಾವಣಗೆರೆಯವರು ಕೇಸ್ ಹಾಕುತ್ತೇನೆ ಅಂದರೇ? ಅವರು ಕೇಳಿದ್ದು ಮನುಷ್ಯರ ನಡುವಿನ ಮಾತು.

ನಮ್ಮ ಕಡೆ ಬೇಸಿಗೆಯಲ್ಲಿ ಅರವಟ್ಟಿಗೆ ಇಡುತ್ತಾರೆ. ಅಲ್ಲಿ ಹೋಗಿ ಐಸ್ ನೀರು ಕೊಡಿ, ಮಜ್ಜಿಗೆ ಯಾಕಿಲ್ಲ, ರಾತ್ರಿ ಹತ್ತಕ್ಕೂ ತೆರೆದಿರಿ ಅಂತ ಯಾರೂ ಜಗಳ ಮಾಡುವುದಿಲ್ಲ, ಮಾಡಿದರೆ ಊರೇ ಉಗಿಯುತ್ತದೆ. ಆದರೆ ಗಡಿಗೆಯಲ್ಲಿರುವ ನೀರು ಕುಡಿಯುವ ನೀರಾಗಿರಬೇಕು. ನೀರು ಮುಗಿದಿದ್ದರೆ ಖಾಲಿ ಗಡಿಗೆ ಇಟ್ಟು ಬೋರ್ಡ್ ನೇತುಹಾಕಬಾರದು. ಇಷ್ಟನ್ನು ಕೇಳುವುದು ತಪ್ಪು ಅಂತ ಯಾವ ಲೈಸೆನ್ಸ್ ಹೇಳಿದರೂ ನಾನು ಒಪ್ಪುವುದಿಲ್ಲ.

ಅರೆಕಾಲಿಕ_ಮೇಂಟೇನರ್

ಆ ಕನ್ವರ್ಟರ್ ನನ್ನದಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ನಾನೂ ಒಂದು ಸಣ್ಣ ಕನ್ನಡ ಟೂಲ್ ನೋಡಿಕೊಳ್ಳುತ್ತೇನೆ. ಹಗಲು ಬೇರೆ ಕೆಲಸ, ಮಕ್ಕಳು ಮಲಗಿದ ಮೇಲೆ ಇದು. ಆ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಸ್ವಲ್ಪ ಹೇಳುತ್ತೇನೆ.

ನನಗೆ ಬರುವ ದೂರುಗಳಲ್ಲಿ ಜಾಸ್ತಿ ಪಾಲು "ಕನ್ನಡ ಸರಿ ಬರ್ತಿಲ್ಲ, ಬೇಗ ಸರಿಮಾಡಿ" ಅನ್ನುವ ತರಹದ್ದು. ಅಷ್ಟೇ. ಯಾವ ಫಾಂಟ್, ಯಾವ ಆಪ್‌ನಲ್ಲಿ, ಯಾವ ಪದ, ಏನು ಬರಬೇಕಿತ್ತು, ಏನು ಬಂತು, ಒಂದೂ ಇಲ್ಲ. ಒಬ್ಬರು ರ‍್ಯಾಂಕ್ ಅಂತ ಬರೆಯಲು ಹೋದರೆ ಅರ್ಕಾವತ್ತು ಬಂದು ರ್ಯಾಂಕ್ ಆಗುತ್ತದೆ ಅಂತ ಬರೆದರು. ಒಳ್ಳೆ ದೂರು ಅದು, ಎರಡೂ ರೂಪ ತೋರಿಸಿದ್ದರು. ಯೂನಿಕೋಡ್‌ನಲ್ಲಿ ಅಲ್ಲಿ ರ ಆದ ಮೇಲೆ ಝಡ್‌ಡಬ್ಲ್ಯೂಜೆ ಅನ್ನುವ ಕಣ್ಣಿಗೆ ಕಾಣದ ಅಕ್ಷರ ಬರಬೇಕು, ಆಮೇಲೆ ಅರ್ಧಾಕ್ಷರದ ಚಿಹ್ನೆ, ಆಮೇಲೆ ಯ. ನನ್ನ ಟೂಲ್ ಆ ಕಾಣದ ಅಕ್ಷರವನ್ನು ಕಸ ಅಂದುಕೊಂಡು ಗುಡಿಸಿ ಹಾಕುತ್ತಿತ್ತು. ಅವರು ಪದ ಕೊಟ್ಟ ದಿನವೇ ರಾತ್ರಿ ಸರಿಹೋಯಿತು. ಅದೇ ತೊಂದರೆಯನ್ನು ಇನ್ನೊಬ್ಬರು ಮೂರು ಆಶ್ಚರ್ಯಚಿಹ್ನೆ ಹಾಕಿ "ಇದು ಯೂಸ್‌ಲೆಸ್ ಆಪ್" ಅಂತ ಮೊದಲೇ ಬರೆದಿದ್ದರು. ಅವರ ಸಮಸ್ಯೆ ಏನಂತ ನನಗೆ ಆಗ ತಿಳಿಯಲೇ ಇಲ್ಲ.

ಹಾಗಂತ "ಪಿಆರ್ ಕಳಿಸಿ" ಅಂತ ಡಿಟಿಪಿ ಮಾಡುವವರಿಗೆ ಉತ್ತರ ಕೊಟ್ಟಿದ್ದು ನನಗೆ ಹಿಡಿಸಲಿಲ್ಲ. ಇನ್ನೊಬ್ಬ ಪ್ರೋಗ್ರಾಮರ್‌ಗೆ ಆ ಮಾತು ಆಹ್ವಾನ. ಕೋಡ್ ಬಾರದವರಿಗೆ ಅದು ಬಾಗಿಲು ಹಾಕಿದ ಸದ್ದು. ಟೈಮ್ ಇಲ್ಲ ಅನ್ನುವುದು ಪ್ರಾಮಾಣಿಕ ಉತ್ತರ, ಅಲ್ಲಿಗೆ ನಿಲ್ಲಿಸಬಹುದಿತ್ತು. ಇಶ್ಯೂ ಕ್ಲೋಸ್ ಮಾಡುವ ಅಗತ್ಯವೂ ಇರಲಿಲ್ಲ. ಬಗ್ ನಿಜ ತಾನೇ, ತೆರೆದೇ ಇದ್ದರೆ ಬೇರೆ ಯಾರಾದರೂ ನೋಡುತ್ತಿದ್ದರು.

ಸಿಡುಕ

ಎಲ್ಲರೂ ಮೇಂಟೇನರ್‌ಗಳಿಗೆ ಹಾರ ಹಾಕುವ ಮೊದಲು ಒಂದು ಮಾತು. ಇವರೇನು ಸುಮ್ನೆ ಮಾಡುತ್ತಾರಾ? ಗಿಟ್‌ಹಬ್ ಸ್ಟಾರ್ ಎಣಿಸಿಕೊಂಡು ರೆಸ್ಯೂಮೆಗೆ ಹಾಕುತ್ತಾರೆ, ಸಭೆಗಳಲ್ಲಿ ಭಾಷಣ ಮಾಡುತ್ತಾರೆ, ಅದರಿಂದ ಕೆಲಸ ಸಿಗುತ್ತದೆ. ಟೂಲಿನ ಪರಿಚಯ ಬರೆಯುವ ರೀಡ್‌ಮಿ ಪುಟದಲ್ಲಿ "ಎಲ್ಲ ನುಡಿ ಫೈಲ್‌ಗಳನ್ನೂ ತಪ್ಪಿಲ್ಲದೆ ಬದಲಿಸುತ್ತದೆ" ಅಂತ ಬರೆದುಕೊಂಡಿರುತ್ತಾರೆ. ಜನ ನಂಬಿ ಬಂದು, ತಪ್ಪು ತೋರಿಸಿದ ತಕ್ಷಣ "ನಾನು ಸ್ವಯಂಸೇವಕ" ಅನ್ನುತ್ತಾರೆ. ಹೊಗಳಿಕೆ ಬಂದಾಗ ಪ್ರಾಡಕ್ಟ್, ಬೈಗುಳ ಬಂದಾಗ ಹವ್ಯಾಸ. ಒಂದು ಕಡೆ ನಿಲ್ಲಬೇಕಪ್ಪ.

ಅರೆಕಾಲಿಕ_ಮೇಂಟೇನರ್

ಸಿಡುಕ ಅವರೇ, ಇದು ಸರಿಯಾದ ಏಟು. ಬೇಡ ಅನ್ನುವುದಿಲ್ಲ.

ನನ್ನ ಲೆಕ್ಕ ಇಷ್ಟೇ. ಬಳಸುವವರಿಗೆ ಎಷ್ಟು ಅಗತ್ಯ ಇದೆ ಅನ್ನುವುದರಿಂದ ನನ್ನ ಮೇಲೆ ಹೊಣೆ ಹುಟ್ಟುವುದಿಲ್ಲ. ನಾನು ಏನು ಹೇಳಿಕೊಂಡಿದ್ದೇನೆ ಅನ್ನುವುದರಿಂದ ಹುಟ್ಟುತ್ತದೆ. ತಪ್ಪಿಲ್ಲದೆ ಬದಲಿಸುತ್ತದೆ ಅಂತ ನಾನೇ ಬರೆದಿದ್ದರೆ ಆ ಮಾತಿಗೆ ನಾನು ಸಿಕ್ಕಿಬಿದ್ದ ಹಾಗೆ. ಸರಿಮಾಡಲು ಟೈಮ್ ಇಲ್ಲದಿದ್ದರೂ ಆ ಸಾಲು ಅಳಿಸಲು ಐದು ನಿಮಿಷ ಸಾಕು. "ಇದನ್ನು ಈಗ ಯಾರೂ ನೋಡಿಕೊಳ್ಳುತ್ತಿಲ್ಲ" ಅಂತ ಬರೆಯುವುದಕ್ಕೂ ಅಷ್ಟೇ. ಗಿಟ್‌ಹಬ್‌ನಲ್ಲಿ ಆರ್ಕೈವ್ ಅಂತ ಒಂದು ಬಟನ್ನೇ ಇದೆ, ಒತ್ತಿದರೆ ಪುಟದ ಮೇಲೆ ಹಳದಿ ಪಟ್ಟಿ ಬರುತ್ತದೆ. ಆದರೂ ಒತ್ತುವುದಿಲ್ಲ. ಯಾಕೆ ಅಂದರೆ ನಾಳೆ ಟೈಮ್ ಸಿಗುತ್ತದೆ, ಮುಂದಿನ ತಿಂಗಳು ಮಾಡೋಣ ಅಂತ ನಮಗೇ ನಾವು ಹೇಳಿಕೊಳ್ಳುತ್ತಿರುತ್ತೇವೆ. ಮಗು ಬಿಟ್ಟ ಹಾಗೆ ಅನ್ನಿಸುತ್ತದೆ ಅಂತೆಲ್ಲ ಭಾವುಕ ಮಾತು ಬೇಡ, ಬರೀ ಸೋಮಾರಿತನವೂ ಇರುತ್ತದೆ.

ಕಂಪನಿ_ಕೂಲಿ

ಇಲ್ಲಿ ಬಳಕೆದಾರ ಅಂದರೆ ಬರೀ ಡಿಟಿಪಿಯವರು, ಮೇಷ್ಟ್ರು ಅಂದುಕೊಂಡು ಮಾತಾಡುತ್ತಿದ್ದೇವೆ. ಅಸಲಿ ಬಳಕೆದಾರರು ನಮ್ಮಂಥ ಕಂಪನಿಗಳು. ಬೆಂಗಳೂರಿನ ಹೊರವರ್ತುಲ ರಸ್ತೆಯ ಯಾವ ಕಟ್ಟಡಕ್ಕೆ ಬೇಕಾದರೂ ಹೋಗಿ, ಒಳಗೆ ಓಡುವ ಸಾಫ್ಟ್‌ವೇರ್‌ನ ತಳದಲ್ಲಿ ಯಾರೋ ರಾತ್ರಿ ಕೂತು ಬರೆದ ಲೈಬ್ರರಿ, ಅಂದರೆ ಬೇರೆಯವರು ಎತ್ತಿ ಬಳಸುವ ಸಿದ್ಧ ಕೋಡ್, ಇರುತ್ತದೆ.

ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಸೆಕ್ಯುರಿಟಿ ಸ್ಕ್ಯಾನರ್ ಒಂದು ಲೈಬ್ರರಿಗೆ ಕೆಂಪು ಗುರುತು ಹಾಕಿತು. ಮ್ಯಾನೇಜರ್ ಹೇಳಿದ್ದು, "ಅವರನ್ನು ಇಟಿಎ ಕೇಳು." ಅಂದರೆ ಯಾವಾಗ ಸರಿಮಾಡಿ ಕೊಡುತ್ತಾರೆ ಅಂತ. ಯಾರನ್ನು? ಆ ಲೈಬ್ರರಿಗೆ ಇದ್ದದ್ದು ಒಬ್ಬನೇ ಒಬ್ಬ ಮನುಷ್ಯ, ನಮ್ಮಿಂದ ಅವನಿಗೆ ಒಂದು ರೂಪಾಯಿ ಹೋಗಿರಲಿಲ್ಲ, ಅವನ ಹೆಸರೂ ಆವತ್ತಿನವರೆಗೆ ನಮಗೆ ಗೊತ್ತಿರಲಿಲ್ಲ. ಆದರೂ ವೆಂಡರ್‌ಗೆ ಬರೆಯುವ ಭಾಷೆಯಲ್ಲೇ ಮೇಲ್ ಹೋಯಿತು.

ಇದಕ್ಕಿಂತ ತಮಾಷೆ ಕರ್ಲ್ ಕಥೆ. ನೆಟ್‌ನಿಂದ ಡೇಟಾ ತರುವ, ಕಳಿಸುವ ಬಿಟ್ಟಿ ಟೂಲ್ ಅದು. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಅನ್ನುವ ಲೈಬ್ರರಿಯ ಸೆಕ್ಯುರಿಟಿ ದೋಷ ಹೊರಬಿದ್ದು ಎಲ್ಲರ ನಿದ್ದೆ ಹಾರಿತ್ತು. ಮುಂದಿನ ತಿಂಗಳು ಕರ್ಲ್ ಬರೆದ ಡೇನಿಯಲ್ ಸ್ಟೆನ್‌ಬರ್ಗ್ ಅವರಿಗೆ ಒಂದು ಭಾರೀ ಕಂಪನಿಯಿಂದ ಪ್ರಶ್ನಾವಳಿ ಬಂತು. ನಿಮ್ಮ ಪ್ರಾಡಕ್ಟ್‌ನಲ್ಲಿ ಲಾಗ್‌ಫೋರ್‌ಜೆ ಇದೆಯಾ, 24 ಗಂಟೆಯೊಳಗೆ ಉತ್ತರಿಸಿ ಅಂತ. ಕರ್ಲ್ ಬರೆದಿರುವುದು ಸಿ ಭಾಷೆಯಲ್ಲಿ, ಲಾಗ್‌ಫೋರ್‌ಜೆ ಜಾವಾದ್ದು, ಒಂದಕ್ಕೊಂದು ಸಂಬಂಧವೇ ಇಲ್ಲ. ಸಪೋರ್ಟ್ ಕಾಂಟ್ರ್ಯಾಕ್ಟ್ ಮಾಡಿಕೊಳ್ಳಿ, ಸಂತೋಷವಾಗಿ ಉತ್ತರಿಸುತ್ತೇನೆ ಅಂತ ಅವರು ವಾಪಸ್ ಬರೆದರು. ನನಗೆ ಅದು ತುಂಬಾ ಸರಿ ಅನ್ನಿಸಿತು. ಬೈಯಲಿಲ್ಲ, ಬಗ್ಗಲೂ ಇಲ್ಲ.

ಓಪನ್‌ಎಸ್‌ಎಸ್‌ಎಲ್ ಗೊತ್ತಲ್ಲ? ನೆಟ್‌ನಲ್ಲಿ ಹೋಗುವ ಮಾಹಿತಿಯನ್ನು ಗುಟ್ಟಾಗಿಡುವ ಲೈಬ್ರರಿ. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಅನ್ನುವ ದೋಷ ಅದರಲ್ಲಿ ಹೊರಬಿದ್ದಾಗ ಅದಕ್ಕೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2000 ಡಾಲರ್. ಜಗತ್ತಿನ ಬ್ಯಾಂಕುಗಳು ಅದರ ಮೇಲೆ ನಿಂತಿದ್ದವು. ಅವಘಡ ಆದ ಮೇಲೆ ಅದೇ ತಿಂಗಳು ಲಿನಕ್ಸ್ ಫೌಂಡೇಶನ್ ಮೂಲಕ ದೊಡ್ಡ ಕಂಪನಿಗಳು ದುಡ್ಡು ಹಾಕಿದವು.

ರಾತ್ರಿಪಾಳಿ_ಅಡ್ಮಿನ್

ಒತ್ತಡ ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ ಎಕ್ಸ್‌ಝಡ್ ಒಂದೇ ಸಾಕು.

ಎಕ್ಸ್‌ಝಡ್ ಅನ್ನುವುದು ಫೈಲ್ ಕುಗ್ಗಿಸುವ ಟೂಲ್, ಹೆಚ್ಚುಕಮ್ಮಿ ಎಲ್ಲ ಲಿನಕ್ಸ್‌ನಲ್ಲೂ ಇರುತ್ತದೆ. ಅದನ್ನು ವರ್ಷಗಟ್ಟಲೆ ನೋಡಿಕೊಂಡವರು ಲಾಸ್ಸೆ ಕಾಲಿನ್, ಒಬ್ಬರೇ. 2022ರಲ್ಲಿ ಕೆಲವು ಹೆಸರುಗಳು ಕಾಣಿಸಿಕೊಂಡು ಶುರುಹಚ್ಚಿಕೊಂಡವು. ಪ್ಯಾಚ್ (ತಿದ್ದುಪಡಿ ಕೋಡ್) ಯಾಕೆ ತಡ, ಪ್ರಾಜೆಕ್ಟ್ ಸತ್ತಿದೆಯಾ, ಬೇರೆ ಯಾರಿಗಾದರೂ ಬಿಟ್ಟುಕೊಡಬಾರದಾ ಅಂತ. ಕಾಲಿನ್ ಉತ್ತರಿಸಿದರು. ಆಸಕ್ತಿ ಹೋಗಿಲ್ಲ, ಬಹುಕಾಲದಿಂದ ಮಾನಸಿಕ ಆರೋಗ್ಯದ ತೊಂದರೆ ಇದೆ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಅನ್ನುವುದೂ ನೆನಪಿರಲಿ ಅನ್ನುವ ಅರ್ಥದಲ್ಲಿ. ಅಷ್ಟು ಹೇಳಿದ ಮೇಲೂ ಒತ್ತಡ ನಿಲ್ಲಲಿಲ್ಲ. ಅದೇ ಹೊತ್ತಿಗೆ ಜಿಯಾ ಟಾನ್ ಅನ್ನುವ ಹೆಸರಿನ ಒಬ್ಬ ಒಳ್ಳೊಳ್ಳೆ ಪ್ಯಾಚ್ ಕಳಿಸುತ್ತಾ, ಮೆತ್ತಗೆ ಮಾತಾಡುತ್ತಾ ಹತ್ತಿರವಾದ. ಕೊನೆಗೆ ಅವನೂ ಮೇಂಟೇನರ್ ಆದ. 2024ರಲ್ಲಿ 5.6.0 ಮತ್ತು 5.6.1 ವರ್ಷನ್‌ಗಳಲ್ಲಿ ಹಿಂಬಾಗಿಲು, ಅಂದರೆ ಕಂಪ್ಯೂಟರ್‌ಗೆ ಗುಟ್ಟಾಗಿ ನುಗ್ಗುವ ದಾರಿ, ಸೇರಿತು.

ಮಾರ್ಚ್ 29ರಂದು ಅದನ್ನು ಬಯಲು ಮಾಡಿದ್ದು ಆಂಡ್ರೆಸ್ ಫ್ರಾಯಿಂಡ್, ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್. ತನ್ನ ಮೆಷಿನ್‌ನಲ್ಲಿ ಎಸ್‌ಎಸ್‌ಎಚ್ (ದೂರದಿಂದ ಮಾಡುವ) ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಯಾಕೆ ಅಂತ ಅವರು ಬೆನ್ನು ಹತ್ತಿದರು. ಅರ್ಧ ಸೆಕೆಂಡ್! ನಾವಾಗಿದ್ದರೆ ನೆಟ್ ಸ್ಲೋ ಅಂತ ಬೈದು ಟೀ ಕುಡಿಯಲು ಹೋಗುತ್ತಿದ್ದೆವು.

ಆವತ್ತು ಕಿರುಕುಳ ಕೊಟ್ಟ ಆ ಹೆಸರುಗಳು ಬಹುಶಃ ನಿಜವಾದ ಬಳಕೆದಾರರೇ ಅಲ್ಲ, ಅದೇ ನಾಟಕದ ಪಾತ್ರಗಳು ಅನ್ನುವುದು ಹಲವರ ಅನುಮಾನ. ನನ್ನ ತಲೆ ಕೊರೆಯುವುದು ಬೇರೆ. ಅವು ಯಾರ ಕಣ್ಣಿಗೂ ವಿಚಿತ್ರವಾಗಿ ಕಾಣಲಿಲ್ಲ. ಯಾಕೆ ಅಂದರೆ ನಾವು ದಿನಾ ಹಾಗೇ ಮಾತಾಡುತ್ತೇವೆ.

ಸಿಡುಕ

ಅದು ಬಳಕೆದಾರರ ಕಡೆಯ ತಪ್ಪು, ಸರಿ. ಡೆವಲಪರ್ ಕಡೆಯದ್ದೂ ಹೇಳಿ. 2022ರ ಜನವರಿಯಲ್ಲಿ ಕಲರ್ಸ್ ಮತ್ತು ಫೇಕರ್ ಅನ್ನುವ ಜಾವಾಸ್ಕ್ರಿಪ್ಟ್ ಲೈಬ್ರರಿಗಳನ್ನು ಬರೆದವರೇ ಬೇಕಂತ ಕೆಡಿಸಿದರು. ಕಂಪನಿಗಳು ದುಡ್ಡು ಕೊಡುವುದಿಲ್ಲ ಅನ್ನುವ ಸಿಟ್ಟು ಅವರಲ್ಲಿ ಮೊದಲಿಂದ ಇತ್ತು. ಕಲರ್ಸ್ ಬಳಸಿದವರ ಪರದೆ ತುಂಬ ಅರ್ಥವಿಲ್ಲದ ಅಕ್ಷರ ಸುರಿಯುತ್ತಾ ಪ್ರೋಗ್ರಾಂ ನಿಲ್ಲಲೇ ಇಲ್ಲ. ಮೇಷ್ಟ್ರ ಅರವಟ್ಟಿಗೆಗೆ ಇದನ್ನು ಹೇಗೆ ಹೊಂದಿಸುತ್ತೀರಿ?

ಕೋಲಾರದ_ಮೇಷ್ಟ್ರು

ಹೊಂದಿಸುವುದೇನು ಬಂತು, ನೀರಿಗೆ ಉಪ್ಪು ಹಾಕಿದರು. ಸಿಟ್ಟು ನ್ಯಾಯವೇ ಇರಬಹುದು. ಅರವಟ್ಟಿಗೆ ಮುಚ್ಚುವ ಹಕ್ಕು ಅವರಿಗೆ ಇತ್ತು, ಕುಡಿಯುವವರ ಬಾಯಿ ಕೆಡಿಸುವ ಹಕ್ಕು ಇರಲಿಲ್ಲ.

ಕಂಪನಿ_ಕೂಲಿ

ಮುಚ್ಚಿದರೂ ಕಷ್ಟವೇ ಮೇಷ್ಟ್ರೇ. 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಅನ್ನುವ 11 ಸಾಲಿನ ಕೋಡನ್ನು ಅದರ ಒಡೆಯ ಎನ್‌ಪಿಎಂ ಅನ್ನುವ ಜಾವಾಸ್ಕ್ರಿಪ್ಟ್ ಲೈಬ್ರರಿಗಳ ಭಂಡಾರದಿಂದ ತೆಗೆದಾಗ ಸಾವಿರಾರು ಪ್ರಾಜೆಕ್ಟ್ ಬಿಲ್ಡ್ ಆಗದೆ ನಿಂತವು. ಎನ್‌ಪಿಎಂನವರೇ ಅದನ್ನು ವಾಪಸ್ ಹಾಕಿದರು. ಆದರೆ 11 ಸಾಲಿಗೆ ಇನ್ನೊಬ್ಬರ ಮೇಲೆ ಒರಗಿಕೊಂಡದ್ದು ಯಾರ ತಪ್ಪು ಅಂತಲೂ ಕೇಳಬೇಕು.

ಮ್ಯೂನಿಕ್_ಮಂಡ್ಯ

ಇಲ್ಲಿ ಯುರೋಪಿನಲ್ಲಿ ಕಾನೂನೇ ಈ ಗೆರೆ ಎಳೆಯಲು ನೋಡಿದೆ. ಸೈಬರ್ ರೆಸಿಲಿಯನ್ಸ್ ಆಕ್ಟ್, 2024ರ ಡಿಸೆಂಬರ್ 10ಕ್ಕೆ ಜಾರಿಗೆ ಬಂತು, ಮುಖ್ಯ ಹೊಣೆಗಳು 2027ರ ಡಿಸೆಂಬರ್ 11ರಿಂದ. ಮೊದಲ ಕರಡು ನೋಡಿ ಓಪನ್ ಸೋರ್ಸ್ ಜನ ಗಾಬರಿಯಾಗಿದ್ದರು, ಹವ್ಯಾಸಕ್ಕೆ ಬರೆದವರ ಕುತ್ತಿಗೆಗೂ ಬರುತ್ತದೆ ಅಂತ. ಕೊನೆಗೆ ಬಂದ ರೂಪದಲ್ಲಿ ವ್ಯಾಪಾರಕ್ಕಲ್ಲದೆ ಬರೆದು ಕೊಟ್ಟವರನ್ನು ಹೊರಗಿಟ್ಟಿದ್ದಾರೆ. ಅದನ್ನು ತನ್ನ ಪ್ರಾಡಕ್ಟ್‌ನಲ್ಲಿ ಸೇರಿಸಿ ಮಾರುವವನೇ ಪರೀಕ್ಷಿಸಬೇಕು, ದೋಷ ಕಂಡರೆ ಮೂಲದವರಿಗೆ ತಿಳಿಸಬೇಕು. ನನ್ನ ಪ್ರಕಾರ ಹೊಣೆ ಇರಬೇಕಾದ ಜಾಗ ಅದೇ, ದುಡ್ಡು ಕೈ ಬದಲಿಸುವ ಜಾಗ.

ಆದರೆ ನಾನು ಹೇಳಲು ಬಂದದ್ದು ಕನ್ನಡದ ವಿಷಯ. "ಇಷ್ಟವಿಲ್ಲದಿದ್ದರೆ ಬೇರೆ ಬಳಸು" ಅನ್ನುವ ಮಾತು ಇಂಗ್ಲಿಷ್‌ನವರಿಗೆ ನಡೆಯುತ್ತದೆ. ಅವರಿಗೆ ಒಂದು ಕೆಲಸಕ್ಕೆ ಹತ್ತು ಟೂಲ್. ನಮಗೆ ನುಡಿ ಆಸ್ಕಿಯಿಂದ ಯೂನಿಕೋಡ್‌ಗೆ ಬೇಕಾದರೆ ಬೆರಳಲ್ಲಿ ಎಣಿಸಬಹುದು, ಅದರಲ್ಲೂ ಕೆಲವು ಒಂದೇ ಕೋಡಿನ ನಕಲು. ದಾವಣಗೆರೆಯವರು ಎಲ್ಲಿಗೆ ಹೋಗಬೇಕು? ಅವರ ಒತ್ತಾಯ ದುರಾಸೆಯಿಂದ ಬಂದದ್ದಲ್ಲ, ಬೇರೆ ದಾರಿ ಇಲ್ಲದೆ ಬಂದದ್ದು. ಹಾಗೇ ಆ ಡೆವಲಪರ್ ಸುಸ್ತಾಗಿ ಬಿಟ್ಟರೆ ಅವರ ಜಾಗಕ್ಕೆ ಬರಲು ಕ್ಯೂ ಏನೂ ನಿಂತಿಲ್ಲ. ಇಂಗ್ಲಿಷ್ ಟೂಲಿನ ಮೇಂಟೇನರ್ ಬಿಟ್ಟರೆ ಇನ್ನೊಬ್ಬ ಬರುತ್ತಾನೆ. ಕನ್ನಡದ್ದು ಬಿಟ್ಟರೆ ಬಿಟ್ಟ ಹಾಗೇ.

ಅಲರ್ ನಿಘಂಟು ನೋಡಿ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕೂಡಿಸಿದ ಒಂದೂವರೆ ಲಕ್ಷದಷ್ಟು ಪದ. 2019ರಲ್ಲಿ ಅದು ಆನ್‌ಲೈನ್‌ಗೆ ಬಂತು, ದತ್ತಾಂಶವೂ ಮುಕ್ತ ಲೈಸೆನ್ಸ್‌ನಲ್ಲಿ ಸಿಗುತ್ತದೆ. ಅದರಲ್ಲಿ ನಿಮಗೆ ಬೇಕಾದ ಒಂದು ಪದ ಇಲ್ಲ ಅಂದುಕೊಳ್ಳಿ. ಪದ ಇಲ್ಲ, ಸೇರಿಸಬಹುದಾ ಅಂತ ಬರೆಯುವುದು ಬಳಕೆದಾರನ ಕೆಲಸ. ಇದೂ ಇಲ್ಲದ ನಿಘಂಟು ಯಾಕೆ ಅಂತ ಬರೆಯುವವನನ್ನು ಏನನ್ನಬೇಕೋ ನೀವೇ ಹೇಳಿ.

ಡಿಟಿಪಿ_ದಾವಣಗೆರೆ

ಎಲ್ಲ ಓದಿದೆ. ಎಕ್ಸ್‌ಝಡ್ ಕಥೆ ಓದಿ ಮೈ ಜುಂ ಅಂದಿತು, ಆದರೆ ನನ್ನ ಎರಡು ಸಾಲಿನ ನೆನಪೋಲೆಯನ್ನು ಅದರ ಪಕ್ಕ ಇಟ್ಟರೆ ಸ್ವಲ್ಪ ಜಾಸ್ತಿಯಾಯಿತು ಸ್ವಾಮಿ. ನಾನು ಪದ ಕೊಟ್ಟಿದ್ದೆ, ಫಾಂಟ್ ಹೆಸರು ಕೊಟ್ಟಿದ್ದೆ, ಪುಟದ ಫೋಟೋ ಹಾಕಿದ್ದೆ.

ದುಡ್ಡು ಕೊಡಲು ನಾನು ತಯಾರು. ಆ ಪುಟದಲ್ಲಿ ಡೊನೇಟ್ ಬಟನ್ ಇದೆ. ಐನೂರು ಹಾಕಿದರೆ ಸರಿಮಾಡುತ್ತಾರಾ? ಅಥವಾ ಅದೂ "ಕೊಟ್ಟಿದ್ದು ನಿಮ್ಮಿಷ್ಟ" ಅಂತ ಆಗುತ್ತದಾ?

ಅರೆಕಾಲಿಕ_ಮೇಂಟೇನರ್

ನೇರವಾಗಿ ಹೇಳುತ್ತೇನೆ, ಡೊನೇಟ್ ಬಟನ್ ಒತ್ತಿದ್ದಕ್ಕೆ ಕೆಲಸ ಬರುವುದಿಲ್ಲ. ಅದು ಹಿಂದೆ ಮಾಡಿದ್ದಕ್ಕೆ ಕೊಡುವ ಥ್ಯಾಂಕ್ಸ್. ನನಗೆ ಒಮ್ಮೆ ಒಬ್ಬರು ನೂರು ರೂಪಾಯಿ ಹಾಕಿ ಮರುದಿನದಿಂದ ಫೋನ್ ಶುರುಮಾಡಿದರು, ಆಮೇಲೆ ನಾನು ಆ ಬಟನ್ನೇ ತೆಗೆದೆ. ಕೆಲಸ ಬೇಕಾದರೆ ಕೆಲಸ ಅಂತಲೇ ಮಾತಾಡಿ. ಈ ಬಗ್ ಸರಿಮಾಡಲು ಎಷ್ಟು ತೆಗೆದುಕೊಳ್ಳುತ್ತೀರಿ, ಯಾವಾಗ ಕೊಡುತ್ತೀರಿ ಅಂತ. ಅವರು ಒಪ್ಪಿದರೆ ಆಮೇಲೆ ತಾರೀಕು ಕೇಳುವ ಹಕ್ಕು ನಿಮಗೆ ಪೂರ್ತಿ ಇದೆ. ಅವರು ಒಪ್ಪದಿದ್ದರೆ ಕಾಲೇಜಿನ ಹುಡುಗರು ಯಾರಾದರೂ ಒಪ್ಪುತ್ತಾರೆ, ಕೋಡ್ ಓಪನ್ ಇರುವುದರ ನಿಜವಾದ ಉಪಯೋಗ ನಿಮ್ಮಂಥವರಿಗೆ ಅದೇ.

ದೊಡ್ಡ ಮಟ್ಟದಲ್ಲಿ ದಾರಿ ಬೇರೆ. ಷೇರು ವ್ಯವಹಾರದ ಜೆರೋಧಾ ಕಂಪನಿಯವರು 2024ರ ಅಕ್ಟೋಬರ್‌ನಲ್ಲಿ ಇಂಥ ಮುಕ್ತ ಸಾಫ್ಟ್‌ವೇರ್‌ಗೆ ದುಡ್ಡು ಕೊಡಲು ಫ್ಲಾಸ್ ಫಂಡ್ ಅಂತ ಶುರುಮಾಡಿದರು, ವರ್ಷಕ್ಕೆ 10 ಲಕ್ಷ ಡಾಲರ್. ಒಂದು ಪ್ರಾಜೆಕ್ಟ್‌ಗೆ 10 ಸಾವಿರದಿಂದ ಒಂದು ಲಕ್ಷ ಡಾಲರ್. ನಮ್ಮ ಬೆಂಗಳೂರಿನದೇ ದುಡ್ಡು. ಆದರೆ ಅರ್ಕಾವತ್ತು ಸರಿಮಾಡಲು ಅಷ್ಟು ದೂರ ಹೋಗುವುದು ಬೇಡ.

ಅಂದಹಾಗೆ ನಿಮ್ಮ ಬಗ್ ನನಗೆ ಅರ್ಥವಾಯಿತು. ಆಸ್ಕಿ ಫೈಲಿನಲ್ಲಿ ಕಣ್ಣಿಗೆ ಕಾಣುವ ಕ್ರಮ ಇರುತ್ತದೆ. ಮರ್ತ್ಯದಲ್ಲಿ ಮೊದಲು ತ, ಆಮೇಲೆ ಯ ಒತ್ತು, ಕೊನೆಗೆ ಅರ್ಕಾವತ್ತು. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ಮೊದಲು ರ್, ಆಮೇಲೆ ತ್, ಆಮೇಲೆ ಯ. ಕನ್ವರ್ಟರ್ ಅರ್ಕಾವತ್ತನ್ನು ಹಿಂದಕ್ಕೆ ಎಳೆದು ತರಬೇಕು. ಸೂರ್ಯದಲ್ಲಿ ಒಂದು ಅಕ್ಷರ ದಾಟಿಸಿದರೆ ಸಾಕು. ಮರ್ತ್ಯದಲ್ಲಿ ತ ಮತ್ತು ಅದರ ಒತ್ತು ಎರಡನ್ನೂ ದಾಟಿಸಬೇಕು. ಹೊಸ ವರ್ಷನ್ ಒಂದೇ ಹೆಜ್ಜೆ ದಾಟಿಸಿ ಸುಮ್ಮನಾಗುತ್ತಿದೆ, ಅದಕ್ಕೇ ಮತ್ರ್ಯ. ಹಳೇ ಪತ್ರಿಕೆಗಳ ವೆಬ್‌ಸೈಟುಗಳಲ್ಲೂ ಈ ಮತ್ರ್ಯ ಜಾತಿಯ ಪದಗಳು ಕಾಣುತ್ತವೆ, ಎಲ್ಲ ಇದೇ ಮನೆಯ ಮಕ್ಕಳು.

ಸದ್ಯಕ್ಕೆ ಹಳೇ ವರ್ಷನ್ ಬಳಸಿ. ಗಿಟ್‌ಹಬ್ ಪುಟದ ಬಲಗಡೆ ರಿಲೀಸಸ್ ಅಂತ ಇದೆ, ಒಳಗೆ ಹೋದರೆ ಹಿಂದಿನವೆಲ್ಲ ಸಿಗುತ್ತವೆ.

ಡಿಟಿಪಿ_ದಾವಣಗೆರೆ

ಸಿಕ್ಕಿತು. ಹಾಕಿದೆ. ಅರ್ಘ್ಯ ಅರ್ಘ್ಯವಾಗಿಯೇ ಬಂತು.

ಈಗ ಹೇಳಿ, ಇದು ನನ್ನ ಪ್ರಶ್ನೆಗೆ ಉತ್ತರ ಅಲ್ವಾ? ಅವರು ಆ ಒಂದು ಸಾಲಿನಲ್ಲಿ "ಟೈಮ್ ಇಲ್ಲ, ಹಳೇ ವರ್ಷನ್ ಬಳಸಿ" ಅಂದಿದ್ದರೆ ನಾನು ಕೈಮುಗಿದು ಹೋಗುತ್ತಿದ್ದೆ. ಅಷ್ಟೇ ಉದ್ದದ ಸಾಲು.

ರೀಡ್‌ಮಿ_ಓದುಗ

ಅದನ್ನು ರೀಡ್‌ಮಿಗೆ ನೀವೇ ಸೇರಿಸಿ ಕಳಿಸಬಹುದು. "ಅರ್ಕಾವತ್ತಿನ ಜೊತೆ ಒತ್ತು ಇದ್ದರೆ ಹೊಸ ವರ್ಷನ್‌ನಲ್ಲಿ ತಪ್ಪು ಬರುತ್ತದೆ, ಸದ್ಯಕ್ಕೆ ಹಿಂದಿನದನ್ನು ಬಳಸಿ" ಅಂತ. ಅದೂ ಪಿಆರ್ ಆಗುತ್ತದೆ, ಕೋಡ್ ಬರಬೇಕಾಗಿಲ್ಲ. ಪುಟದಲ್ಲಿ ಪೆನ್ಸಿಲ್ ಗುರುತು ಒತ್ತಿ ಕನ್ನಡದಲ್ಲೇ ಬರೆಯಿರಿ.

ಸಿಡುಕ

ಬರೆದು ಕಳಿಸಿದರೂ ಅವರು ಸೇರಿಸಿಕೊಳ್ಳಬೇಕಲ್ಲ.

ಡಿಟಿಪಿ_ದಾವಣಗೆರೆ

ಸೇರಿಸಿಕೊಳ್ಳದಿದ್ದರೆ ಇಲ್ಲೇ ಬಂದು ಹೇಳುತ್ತೇನೆ. ಪೆನ್ಸಿಲ್ ಒತ್ತಿದರೆ ಲಾಗಿನ್ ಕೇಳುತ್ತಿದೆ, ಪಾಸ್‌ವರ್ಡ್ ಅಂಗಡಿ ಹುಡುಗನ ಹತ್ತಿರ ಇದೆ. ಅವನು ಊಟಕ್ಕೆ ಹೋಗಿದ್ದಾನೆ.